ಸ್ಕೋಪಿನೊಳಗಿನ ಗೆರೆ

"ಇದ್ರಲ್ಲೂ ಸೊಟ್ಟ!" ನಟರಾಜ ಕೋವಿಗೆ ಹಾಕುವ ಸ್ಕೋಪಿನಿಂದ ಕಣ್ಣು ತೆಗೆದು, ಗ್ಯಾರೇಜಿನ ಮೇಜಿನ ಮೇಲಿದ್ದ ಫೋನಿಗೆ ದೂರು ಹೇಳಿದ. "ಕೇಳಿಸ್ತಾ ಉತ್ತಮ್? ಅದೇ ಜಾಗದಲ್ಲಿ ಗೆರೆ ಬಾಗಿದೆ ಕಣೋ."

"ಸಾಧ್ಯವೇ ಇಲ್ಲ ನಟರಾಜಣ್ಣ," ಎಂದಿತು ಫೋನು. ಅಡಿಲೇಡಿನಲ್ಲಿರುವ ಉತ್ತಮ್ ವಿರಾಜಪೇಟೆಯ ಕಡೆಯವನು. ವಯಸ್ಸಿನಲ್ಲಿ ಚಿಕ್ಕವನಾದರೂ ಕೋವಿಯ ವಿಷಯದಲ್ಲಿ ನಟರಾಜನಿಗೆ ಅವನೇ ಗುರು. "ಗಾಜಿನ ಮೇಲೆ ಕೊರೆದ ಗೆರೆ ಅದು. ಗಾಜು ಒಡೀಬಹುದು, ಗೆರೆ ಬಾಗೋದು ಹೇಗೆ? ಬೇರೆ ಯಾರಿಗಾದ್ರೂ ತೋರ್ಸಿ ಮಾರಾಯ್ರೇ. ಇಬ್ಬರ ಕಣ್ಣಿಗೂ ಸೊಟ್ಟ ಕಂಡ್ರೆ ಅಂಗಡಿಯವನು ವಾಪಸ್ ತಗೊಳ್ಲೇಬೇಕು."

ಬೇರೆ ಯಾರಿಗೆ ತೋರಿಸುವುದು? ನಟರಾಜ ನೆಲೆಸಿರುವ ನಾರ್ತ್ ಲೇಕ್ಸ್‌ನಲ್ಲಿ ಶನಿವಾರ ಬೆಳಿಗ್ಗೆ ಅಕ್ಕಪಕ್ಕದ ಮನೆಯವರು ಮಕ್ಕಳನ್ನು ಈಜಿಗೆ ಕರೆದುಕೊಂಡು ಹೋಗಿರುತ್ತಾರೆ, ಇಲ್ಲವೇ ಹುಲ್ಲು ಕತ್ತರಿಸುತ್ತಿರುತ್ತಾರೆ. ಅವರನ್ನು ಕರೆದು ಬೇಟೆಯ ದುರ್ಬೀನು ನೋಡಿ ಎನ್ನಲು ಬಾಯಿ ಬರುವುದಿಲ್ಲ. ನಟರಾಜ ಫೋನಿಟ್ಟು ತಲೆ ಕೆರೆದುಕೊಳ್ಳುತ್ತಿರುವಾಗ, ಒಳಬಾಗಿಲು ತೆರೆದು ಪಾತ್ರೆ ಹಿಡಿದ ಇಂದುಮತಿ ಬಂದಳು. ಅಕ್ಕಿಯ ಚೀಲ ಇರುವುದು ಗ್ಯಾರೇಜಿನಲ್ಲಿ.

ಮೇಜಿನ ಮೇಲೆ ಎರಡು ಸ್ಕೋಪುಗಳು ಒಂದು ಪುಟ್ಟ ಬಟ್ಟೆಚೀಲದ ಮೇಲೆ ಅಕ್ಕಪಕ್ಕ ಮಲಗಿದ್ದವು. ಕೋವಿ ಹೊರಗಿರಲಿಲ್ಲ, ಅದು ಮೂಲೆಯ ಕಬ್ಬಿಣದ ಪೆಟ್ಟಿಗೆಯೊಳಗೆ ಬೀಗ ಹಾಕಿಸಿಕೊಂಡು ಕೂತಿತ್ತು. ಚೀಲದ ಹೊಲಿಗೆಯಿಂದ ಉದುರಿದ ನಾಲ್ಕು ಕಾಳು ಇಂದುಮತಿಯ ಕಣ್ಣಿಗೆ ಬಿದ್ದವು.

"ನನ್ನ ಸೋನಾ ಮಸೂರಿ ಇದಕ್ಕೆ ತುಂಬಿದ್ದೀರಾ?"

"ಒಂದು ಪಾವು ಅಷ್ಟೇ ಇಂದು. ಮರಳಿಗಿಂತ ಅಕ್ಕೀಲಿ ಚೆನ್ನಾಗಿ ಕೂರತ್ತೆ, ಅಲ್ಲಾಡಲ್ಲ." ಆಮೇಲೆ ದನಿ ತಗ್ಗಿಸಿ ಕೇಳಿದ: "ಒಂದ್ನಿಮಿಷ ಇದ್ರಲ್ಲಿ ನೋಡ್ತೀಯಾ? ಬರೀ ಗೆರೆ ನೇರ ಇದೆಯಾ ಇಲ್ವಾ ಹೇಳು ಸಾಕು."

ಇಂದುಮತಿ ಪಾತ್ರೆಯನ್ನು ಎದೆಗೆ ಒತ್ತಿಕೊಂಡು ನಿಂತಳು. ಅವನು ಹೀಗೆ ಕೇಳಿದ್ದು ಕಾನೂನು ಮುರಿದ ಹಾಗೆ.

ಕಾನೂನು ಅವಳದೇ. ನಟರಾಜ ಕೆಲಸ ಮಾಡುವ ಕಂಪನಿ ಹೊಲಗಳಿಗೆ ನೀರೆತ್ತುವ ಯಂತ್ರ ಕೂಡಿಸುತ್ತದೆ. ಆ ನೆಪದಲ್ಲಿ ಪಶ್ಚಿಮದ ಬಯಲುಸೀಮೆಗೆ ಹೋಗಿಬರುವಾಗ ಗ್ರೆಗ್ ಎಂಬ ರೈತನ ಸ್ನೇಹವಾಗಿ, ಅವನ ಜೋಳದ ಹೊಲವನ್ನು ಕಾಡುಹಂದಿಗಳು ಮಗುಚಿ ಹಾಕುವುದನ್ನು ಕಂಡು, ಒಂದು ದಿನ ಅವನ ಜೊತೆ ಬೇಟೆಗೆ ಹೋದ. ತಿನ್ನುವುದಕ್ಕಲ್ಲ, ಮೊಟ್ಟೆ ಬಿದ್ದ ಕೇಕನ್ನೂ ಮುಟ್ಟದ ಮನುಷ್ಯ. ಅವನನ್ನು ಹಿಡಿದದ್ದು ಲೆಕ್ಕ: ಇಷ್ಟು ದೂರಕ್ಕೆ ಗುಂಡು ಎಷ್ಟು ಕೆಳಗಿಳಿಯುತ್ತದೆ, ಗಾಳಿ ಅದನ್ನು ಎಷ್ಟು ತಳ್ಳುತ್ತದೆ, ಹಾಗಾದರೆ ಸ್ಕೋಪಿನ ಯಾವ ಗೆರೆಯನ್ನು ಹಂದಿಯ ಮೇಲಿಡಬೇಕು. ಲೈಸೆನ್ಸು ಮಾಡಿಸಿ ಕೋವಿ ತಂದ ದಿನ ಇಂದುಮತಿ ಅತ್ತಳು, ರೇಗಿದಳು, ಎರಡು ದಿನ ಮಾತು ಬಿಟ್ಟಳು. ಕೊನೆಗೆ, ಕೋವಿಯೂ ಅದರ ಮಾತೂ ಗ್ಯಾರೇಜಿನ ಬಾಗಿಲು ದಾಟಿ ಒಳಗೆ ಬರಕೂಡದು, ತನ್ನನ್ನು ಅದರ ಗೊಡವೆಗೆ ಎಳೆಯಕೂಡದು ಎಂದು ತೀರ್ಪು ಕೊಟ್ಟಳು. ಒಮ್ಮೆ ಊಟದ ಮಧ್ಯೆ ನಟರಾಜ ಮರೆತು "ನಿನ್ನೆ ಒಂದು ದೊಡ್ಡ ಹಂದಿ" ಎಂದು ಬಾಯಿ ತೆಗೆದಾಗ, ಅವಳು ಸಾರನ್ನ ಕಲಸಿದ ತಟ್ಟೆಯನ್ನು ಹಾಗೆಯೇ ಸಿಂಕಿನಲ್ಲಿಟ್ಟು ಎದ್ದುಹೋಗಿದ್ದಳು. ಅಂದಿನಿಂದ ಅವನು ಕಾನೂನನ್ನು ಚಾಚೂ ತಪ್ಪದೆ ಪಾಲಿಸಿದ. ಗಂಡಂದಿರು ಯಾವುದನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುತ್ತಾರೆ, ಯಾವುದನ್ನು ಇಲ್ಲ ಎಂಬುದು ದೇವರಿಗೇ ಗೊತ್ತು.

"ಒಂದೇ ಒಂದ್ಸಲ," ಎಂದ ನಟರಾಜ. "ಅಂಗಡಿಯವನು ನನ್ನ ಮಾತು ನಂಬ್ತಿಲ್ಲ."

ಅವನ ಮುಖದಲ್ಲಿದ್ದ ಪೆಚ್ಚುಕಳೆ ನೋಡಿ ಅವಳಿಗೆ ಕನಿಕರ ಬಂತು. ಪಾತ್ರೆ ಕೆಳಗಿಟ್ಟು, ಮೂಗು ಮುರಿಯುತ್ತಲೇ ಬಗ್ಗಿ ಮೊದಲನೆಯದರಲ್ಲಿ ಕಣ್ಣಿಟ್ಟಳು. ಗ್ಯಾರೇಜಿನ ತೆರೆದ ದೊಡ್ಡ ಬಾಗಿಲಿನಿಂದ ಕಾಣುವ ಕೆರೆಯಾಚೆಯ ದೀಪದ ಕಂಬ ಕೈಗೆ ಸಿಗುವಷ್ಟು ಹತ್ತಿರ ಬಂದಿತ್ತು. ಅದರ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ. ಅವು ಕೂಡುವಲ್ಲಿಂದ ಕೆಳಗೆ ಸಾಲುಸಾಲಾಗಿ ಸಣ್ಣ ಚುಕ್ಕೆಗಳು. ಅಚ್ಚುಕಟ್ಟಾಗಿತ್ತು. ಇದನ್ನು ಪ್ರಾಣಿ ಕೊಲ್ಲಲು ಮಾಡಿದ್ದಾರೆ ಎಂಬುದು ಒಂದು ಕ್ಷಣ ಮರೆತುಹೋಯಿತು. ಎರಡನೆಯದರಲ್ಲಿ ಗೆರೆಗಳು ದಪ್ಪ, ನಡುವೆ ಕೆಂಪಗೆ ಉರಿಯುವ ಚುಕ್ಕೆ.

"ಎರಡೂ ನೇರ ಇದೆಯಲ್ರೀ."

"ಸರಿಯಾಗಿ ನೋಡು. ಮಧ್ಯದಲ್ಲಿ. ಗೆರೆ ಕೂಡೋ ಕಡೆ ಹೊಟ್ಟೆ ಬಂದಿದೆ."

"ಇಲ್ಲ. ಸ್ಕೇಲ್ ಇಟ್ಟು ಎಳೆದ ಹಾಗಿದೆ." ಇಂದುಮತಿ ತಲೆಯೆತ್ತಿದಳು. "ಎರಡ್ರಲ್ಲೂ ಒಂದೇ ಜಾಗದಲ್ಲಿ ಸೊಟ್ಟ ಕಾಣತ್ತಾ ನಿಮಗೆ?"

"ಅದೇ ಆಶ್ಚರ್ಯ! ಬೇರೆ ಬೇರೆ ಕಂಪನಿ, ಬೇರೆ ಬೇರೆ ಗಾಜು, ತೊಂದ್ರೆ ಮಾತ್ರ ಒಂದೇ."

ಎರಡು ಗಾಜಿನಲ್ಲಿ ಒಂದೇ ಜಾಗದ ತಪ್ಪು ಎಂದರೆ ತಪ್ಪು ಗಾಜಿನದಲ್ಲ. ಕ್ಲಿನಿಕ್ಕು ನಡೆಸುತ್ತ ಊರಿನ ಅರ್ಧ ಜನಕ್ಕೆ ಡಾಕ್ಟರಾದ ಇಂದುಮತಿಗೆ ಇಷ್ಟು ತಿಳಿಯಲು ಒಂದು ಗಳಿಗೆ ಸಾಕಾಯಿತು. ಚಿಕ್ಕಂದಿನಿಂದ ಸೋಡಾ ಬಾಟಲಿನಂಥ ಕನ್ನಡಕ ಹಾಕುವ ಗಂಡನ ಮುಖವನ್ನು, ಅವನು ಸ್ಕೋಪಿಗೆ ಇಡುವ ಬಲಗಣ್ಣನ್ನು ನೋಡಿದಳು. ಹೊರಗಿನಿಂದ ಎಂದಿನ ಹಾಗೇ ಇತ್ತು.

"ಮೊದಲಿನಿಂದ ಹೇಳಿ," ಎಂದಳು.

"ಏನು?"

"ಈ ಸ್ಕೋಪಿನ ಕಥೆ. ಎಷ್ಟು ತಗೊಂಡ್ರಿ, ಯಾಕೆ ಬದಲಾಯ್ಸಿದ್ರಿ, ಎಲ್ಲಾ. ಬಿಡದೆ ಹೇಳಿ."

ನಟರಾಜನ ಮುಖ ಅರಳಿತು. ಇಷ್ಟು ವರ್ಷದಲ್ಲಿ ಹೆಂಡತಿ ಬಾಯಿಬಿಟ್ಟು ಕೇಳಿದ್ದಾಳೆ! ಅವಳಿಗೆ ಸ್ಟೂಲು ಎಳೆದು ಕೊಟ್ಟ. ಖುಷಿಯಲ್ಲಿ ಅವನ ಮಾತು ಓಡತೊಡಗಿತು.

"ಕಳೆದ ದೀಪಾವಳಿ ಹೊತ್ತಿಗೆ ಹಳೇದ್ರಲ್ಲಿ ಶುರುವಾಗಿದ್ದು. ತೆಳ್ಳನೆ ಗೆರೆ, ಒಂಚೂರು ಅಲೆಅಲೆ. ಬಿಸಿಲಿನ ಝಳ ಅಂದ್ಕೊಂಡೆ. ಆಮೇಲೆ ಮೋಡದ ದಿನಾನೂ ಹಾಗೇ. ಅದನ್ನ ಕೊಟ್ಟು ಈ ಚುಕ್ಕೆ ಇರೋದು ತಗೊಂಡೆ. ಕ್ರಿಸ್ಮಸ್ ಗಿಡ ಇದ್ದ ಹಾಗಿರತ್ತೆ ನೋಡು ಕೆಳಗೆ, ಒಂದೊಂದು ಚುಕ್ಕೆ ಒಂದೊಂದು ದೂರಕ್ಕೆ. ಭಾಳ ಚೆನ್ನಾಗಿದೆ. ಆದ್ರೆ ಮಧ್ಯದ ಎರಡು ಮೂರು ಚುಕ್ಕೆ ಅಚ್ಚೇ ಆಗಿಲ್ಲ."

"ಅಚ್ಚಾಗಿಲ್ಲ ಅಂದ್ರೆ?"

"ಇಲ್ಲ. ಖಾಲಿ. ಈಗ ಇನ್ನೂ ಜಾಸ್ತಿ ಹೋಗಿದೆ, ಶಾಯಿ ಉದುರತ್ತೋ ಏನೋ. ಆಗ ಉತ್ತಮ್ ಅಂದ, ನಿಮಗೆ ದಪ್ಪ ಗೆರೆ ಬೇಕು ಅಣ್ಣ, ವಯಸ್ಸಾಯ್ತು ಅಂತ. ತಗೊಂಡೆ. ಅದ್ರಲ್ಲಿ ಗೆರೆಯ ಮಧ್ಯೆ ಒಂದು ತುಂಡು ಮಬ್ಬು. ಕಳಿಸ್ಬಿಟ್ಟೆ. ಇದು ನಾಲ್ಕನೇದು, ಕೆಂಪು ದೀಪದ್ದು. ಇದ್ರಲ್ಲಿ ಒಂದು ಉಪಾಯ ಕಂಡುಹಿಡಿದಿದೀನಿ. ದೀಪನ ನೇರ ನೋಡಿದ್ರೆ ಕಾಣಲ್ಲ. ಸ್ವಲ್ಪ ಪಕ್ಕಕ್ಕೆ ನೋಡಿದ್ರೆ ಕಾಣತ್ತೆ."

ಹೇಳಿ ಅವನು ನಕ್ಕ. ಇಂದುಮತಿಗೆ ಅಲ್ಲಿ ಕೂರಲಾಗಲಿಲ್ಲ. ತಾನು ಗೆರೆಗಳ ಗುಣಾವಗುಣ ಹೇಳುತ್ತಿದ್ದೇನೆ ಎಂದು ಅವನು ತಿಳಿದಿದ್ದ. ಅವಳಿಗೆ ಒಂದು ಕಾಯಿಲೆ ಹಂತಹಂತವಾಗಿ ಕಣ್ಣನ್ನು ತಿಂದದ್ದು ಕೇಳುತ್ತಿತ್ತು. ಮೊದಲು ಗೆರೆ ಅಲುಗಿದೆ. ಆಮೇಲೆ ನಡುವೆ ತೂತು ಬಿದ್ದಿದೆ. ಆಮೇಲೆ ತೂತು ದೊಡ್ಡದಾಗಿದೆ. ಅವನು ಪ್ರತಿ ಸಲವೂ ಇನ್ನಷ್ಟು ದಪ್ಪದ ಗೆರೆ ಕೊಂಡು ಅದನ್ನು ಮುಚ್ಚಿದ್ದಾನೆ. ಎರಡೂ ಕಣ್ಣು ತೆರೆದಿದ್ದಾಗ ಎಡಗಣ್ಣು ಎಲ್ಲವನ್ನೂ ಸರಿದೂಗಿಸುತ್ತಿದ್ದುದರಿಂದ ಮನೆಯಲ್ಲಿ, ಕಾರಿನಲ್ಲಿ, ಆಫೀಸಿನಲ್ಲಿ ಏನೂ ಗೊತ್ತಾಗಿಲ್ಲ. ಒಂದೇ ಕಣ್ಣಿನಲ್ಲಿ ನೋಡುತ್ತಿದ್ದದ್ದು ಸ್ಕೋಪಿನಲ್ಲಿ ಮಾತ್ರ.

ಅವಳು ಎದ್ದು ಗುಂಡಿ ಒತ್ತಿದಳು. ಗ್ಯಾರೇಜಿನ ದೊಡ್ಡ ಬಾಗಿಲು ಗರಗರನೆ ಇಳಿಯಿತು. ಅದರ ತಗಡಿನ ಮೇಲೆ ಅಡ್ಡಡ್ಡ ಗೆರೆಗಳು.

"ಎಡಗಣ್ಣು ಮುಚ್ಕೊಳ್ಳಿ. ಬಾಗಿಲು ನೋಡಿ. ಏನ್ ಕಾಣತ್ತೆ?"

ನಟರಾಜ ಕೈಯಿಂದ ಎಡಗಣ್ಣು ಮುಚ್ಚಿದ. ನೋಡಿದ. ಕೈ ತೆಗೆದ, ಮತ್ತೆ ಮುಚ್ಚಿದ. ನಗು ನಿಧಾನವಾಗಿ ಇಳಿದುಹೋಯಿತು.

"ಬಾಗಿಲೂ ಸೊಟ್ಟ ಕಾಣ್ತಿದೆ ಇಂದು," ಎಂದ. "ಮಧ್ಯೆ ಏನೂ ಇಲ್ಲ."

ಅಕ್ಕಿಯ ಪಾತ್ರೆ ಅಲ್ಲೇ ಉಳಿಯಿತು. ಅವಳೇ ಕಾರು ಓಡಿಸಿದಳು. ನಗರದ ದೊಡ್ಡಾಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಅಂದು ಡ್ಯೂಟಿಯಲ್ಲಿದ್ದದ್ದು ಹೆಲೆನ್ ಎಂಬ ನರೆಗೂದಲಿನ ಡಾಕ್ಟರು. ಕಣ್ಣಿಗೆ ಹನಿ ಹಾಕಿದರು, ಚಿತ್ರ ತೆಗೆದರು, ಇನ್ನೊಂದು ಬಗೆಯ ಚಿತ್ರ ತೆಗೆದರು. ಇಂದುಮತಿ ಇಂಥ ಚಿತ್ರಗಳನ್ನು ಎಷ್ಟೋ ನೋಡಿದ್ದಳು. ಪರದೆಯ ಮೇಲೆ ಗಂಡನ ಬಲಗಣ್ಣಿನ ಒಳಭಾಗ ಮೂಡಿದಾಗ, ನಟ್ಟನಡುವೆ ಒಣಗಿ ಬೆಳ್ಳಗಾದ ಗಾಯದ ಕಲೆಯನ್ನು ಡಾಕ್ಟರು ತೋರಿಸುವ ಮೊದಲೇ ಕಂಡಳು. ಆದರೂ ಅವರು ಬೇರೇನಾದರೂ ಹೇಳಿಯಾರೆಂದು ಅವರ ಬಾಯಿಯನ್ನೇ ನೋಡುತ್ತ ಕೂತಳು. ಕಾಯಿಲೆಯವರ ಮನೆಯವರು ಇದೇ ರೀತಿ ತನ್ನ ಬಾಯಿ ನೋಡುತ್ತ ಕೂರುವುದು ನೆನಪಾಯಿತು.

ಡಾಕ್ಟರು ಸಮಾಧಾನವಾಗಿ ಬಿಡಿಸಿ ಹೇಳಿದರು. ಇಷ್ಟು ಹೆಚ್ಚು ಪವರಿನ ಕಣ್ಣಿನ ಹಿಂಪರದೆ ಹಿಗ್ಗಿ ತೆಳುವಾಗಿರುತ್ತದೆ. ಅದರ ಕೆಳಗೆ ಹೊಸ ರಕ್ತನಾಳ ಹುಟ್ಟಿ ಸೋರಿದೆ. ಈಗ ಸೋರಿಕೆ ನಿಂತು ಗಾಯ ಕಲೆಗಟ್ಟಿದೆ. ಕಲೆಯಾದ ಮೇಲೆ ಆ ಜಾಗಕ್ಕೆ ಮಾಡುವಂಥದ್ದು ಏನೂ ಉಳಿದಿಲ್ಲ. ಸುತ್ತಲಿನ ನೋಟ ಇರುತ್ತದೆ, ನಡುವಿನದು ಬರುವುದಿಲ್ಲ.

"ದೀಪಾವಳೀಲೇ ಬಂದಿದ್ರೆ?" ನಟರಾಜ ಇಂಗ್ಲಿಷಿನಲ್ಲಿ ಕೇಳಿದ, ಆಮೇಲೆ ದೀಪಾವಳಿ ಎಂದರೆ ನವೆಂಬರಿನ ಸುಮಾರು ಎಂದು ತಿದ್ದಿಕೊಂಡ.

ಡಾಕ್ಟರು ಒಂದು ಕ್ಷಣ ಇಂದುಮತಿಯ ಕಡೆ ನೋಡಿದರು. ಅವಳೂ ಡಾಕ್ಟರೆಂದು ಅವರಿಗೆ ಗೊತ್ತಿತ್ತು. "ಆಗ ಇಂಜೆಕ್ಷನ್ ಕೊಟ್ಟಿದ್ದರೆ ಬಹುಶಃ ಉಳಿಸಬಹುದಿತ್ತು," ಎಂದರು. ಸುಳ್ಳು ಹೇಳಲಿಲ್ಲ. ಆಮೇಲೆ ಎಡಗಣ್ಣಿನ ಚಿತ್ರ ಹಾಕಿದರು. ಅದೂ ಅಷ್ಟೇ ತೆಳುವಾಗಿದೆ, ಅದಕ್ಕೂ ಹೀಗಾಗಬಹುದು, ಆಗದೆಯೂ ಇರಬಹುದು. ಒಂದು ಗೆರೆ ಸೊಟ್ಟ ಕಂಡರೂ ಅದೇ ದಿನ ಬರಬೇಕು. ಅದೇ ದಿನ ಬಂದರೆ ಉಳಿಸಿಕೊಳ್ಳುವ ದಾರಿ ಇದೆ. ಚೌಕುಳಿ ಗೆರೆಗಳ, ನಡುವೆ ಒಂದು ಚುಕ್ಕೆಯಿರುವ ಹಾಳೆಯನ್ನು ಅವನ ಕೈಗೆ ಕೊಟ್ಟು, ದಿನಾ ಬೆಳಿಗ್ಗೆ ಬಲಗಣ್ಣು ಮುಚ್ಚಿ ಇದನ್ನು ನೋಡಬೇಕು ಎಂದರು. ಇಂದುಮತಿಯ ಕ್ಲಿನಿಕ್ಕಿನ ಡ್ರಾಯರಿನಲ್ಲಿ ಅಂಥ ಹಾಳೆಯ ಕಟ್ಟೇ ಇತ್ತು. ವಯಸ್ಸಾದವರಿಗೆಲ್ಲ ಕೊಡುತ್ತಿದ್ದಳು.

ವಾಪಸು ಬರುವಾಗ ಹೆದ್ದಾರಿಯಲ್ಲಿ ಅವಳು ನಿಧಾನವಾಗಿ ಕಾರು ಓಡಿಸಿದಳು. ಅವನು ಬೈಯಲಿ ಎಂದು ಕಾಯುತ್ತಿದ್ದಳು. ಬೈದಿದ್ದರೆ ಉಸಿರಾಡಲು ಒಂದಿಷ್ಟು ಜಾಗವಾಗುತ್ತಿತ್ತು.

"ಗೆರೆ ಸೊಟ್ಟ ಅಂತ ನೀವು ಒಂದ್ಸಲ ಅಡುಗೆಮನೇಲಿ ಅಂದಿದ್ರೂ ಸಾಕಿತ್ತು," ಎಂದಳು ಕೊನೆಗೆ. "ನನಗೆ ಅಲ್ಲೇ ಗೊತ್ತಾಗ್ತಿತ್ತು."

"ಒಳಗೆ ಹೇಳ್ಬಾರ್ದು ಅಂತಿತ್ತಲ್ಲ," ಎಂದ ನಟರಾಜ. ಚುಚ್ಚಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ, ಅಷ್ಟೇ. ಅವಳ ಮುಖ ನೋಡಿ ಗಾಬರಿಯಾದ. "ಅಯ್ಯೋ, ನಿನ್ನ ತಪ್ಪೇನಿದೆ? ಇಂಜಿನಿಯರ್ ನಾನು. ಅಳತೆ ಕೋಲೇ ಕೆಟ್ಟಿದೆಯಾ ಅಂತ ಮೊದಲು ನೋಡ್ಬೇಕಿತ್ತು. ಸುಮ್ನೆ ಗಾಜಿನ ಮೇಲೆ ಗೂಬೆ ಕೂರಿಸ್ತಾ ಬಂದೆ."

"ಇನ್ಮೇಲೆ ಏನಿದ್ರೂ ಒಳಗೇ ಹೇಳಿ. ಹಂದಿ, ಕೋವಿ, ಏನ್ ಬೇಕಾದ್ರೂ. ಊಟದ ಮಧ್ಯೆ ಹೇಳಿ. ನಾನು ಎದ್ದುಹೋಗಲ್ಲ."

"ಆಯ್ತು."

"ನನ್ನಾಣೆ ರೀ."

"ಆಯ್ತು ಅಂದ್ನಲ್ಲ," ಎಂದು ಅವನು ಅವಳ ಭುಜ ತಟ್ಟಿದ. ಸಂಕಟದಲ್ಲಿರುವವಳು ಅವಳು, ಸಮಾಧಾನ ಹೇಳಬೇಕಾದವನು ತಾನು ಎಂಬಂತೆ.

ಸಂಜೆ ಉತ್ತಮ್ ಫೋನು ಮಾಡಿದ. ಹೊಸದಾಗಿ ಬಂದಿರುವ ಇನ್ನೊಂದು ಬಗೆಯ ರೆಟಿಕಲ್, ಅಂದರೆ ಸ್ಕೋಪಿನೊಳಗಿನ ಗೆರೆಗಳ ವಿನ್ಯಾಸ, ನೋಡಿದ್ದನಂತೆ. ಗೆರೆಗಳು ದಪ್ಪ, ನಟರಾಜಣ್ಣನಿಗೆ ಹೇಳಿ ಮಾಡಿಸಿದ ಹಾಗಿದೆಯಂತೆ. ನಟರಾಜ ಸೋಫಾದಲ್ಲಿ ಕೂತು, ಹನಿಯಿಂದ ಇನ್ನೂ ಹಿಗ್ಗಿದ್ದ ಕಣ್ಣುಗಳನ್ನು ಮುಚ್ಚಿಕೊಂಡು, ಪೂರ್ತಿ ಕೇಳಿದ.

"ಬೇಡ ಕಣೋ," ಎಂದ. "ಕೋವಿ ಮಾರ್ಬಿಡೋಣ ಅಂತಿದೀನಿ. ಬೆನ್ನು. ಗುರಿ ಹಿಡಿದು ನೆಲದ ಮೇಲೆ ಮಲಗೋಕೆ ಆಗ್ತಿಲ್ಲ."

"ಬೆನ್ನಾ? ಬೆಳಿಗ್ಗೆ ಹೇಳಲೇ ಇಲ್ಲ ನೀವು."

"ಹಳೇ ನೋವು. ಡಾಕ್ಟರ್ ಬೇಡ ಅಂದ್ಬಿಟ್ರು."

ಅವನು ಫೋನಿಟ್ಟ ಮೇಲೆ ಇಂದುಮತಿ ಕೇಳಿದಳು, "ಯಾಕ್ರೀ ಸುಳ್ಳು?"

"ದಪ್ಪ ಗೆರೆ ತಗೊಳ್ಳಿ ಅಂದೋನು ಅವನು. ಗೊತ್ತಾದ್ರೆ ಜೀವನಪೂರ್ತಿ ಕೊರಗ್ತಾನೆ, ಪಾಪ. ಹೇಳಿ ಏನಾಗ್ಬೇಕು?"

ಅವನ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಇಂದುಮತಿ ಅವನ ಒಳ್ಳೆಯತನಕ್ಕೆ ಕರಗಿದಳು. ಜೊತೆಗೇ ಎಲ್ಲೋ ಸಣ್ಣಗೆ ಹೆದರಿದಳು.

ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಯಿತು. ದಿನಾ ಬೆಳಿಗ್ಗೆ ಡಿಕಾಕ್ಷನ್ ಇಳಿಯುವ ಹೊತ್ತಿಗೆ ನಟರಾಜ ಅದರೆದುರು ನಿಂತು, ಬಲಗಣ್ಣು ಮುಚ್ಚಿ, "ನೇರ" ಎನ್ನುವನು. ಆಮೇಲೆ ಕಾಫಿ. ಇಂದುಮತಿ ಹಾಲು ಕಾಯಿಸುತ್ತ ಅವನ ಕಡೆ ನೋಡದ ಹಾಗೆ ನಿಂತಿರುತ್ತಿದ್ದಳು. ಆ ಒಂದು ಮಾತು ಬಿದ್ದ ಮೇಲೆಯೇ ಹಾಲು ಇಳಿಸುತ್ತಿದ್ದಳು. ಪರ್ತ್‌ನಲ್ಲಿದ್ದ ಮಗಳು ಪ್ರಣತಿ ವಿಷಯ ತಿಳಿದು ಅತ್ತುಬಿಟ್ಟಿದ್ದಳು. ಅಲ್ಲಿನ ಫ್ರೀಮ್ಯಾಂಟಲ್ ಬಂದರಿನಲ್ಲಿ ಅವಳಿಗೆ ಕೆಲಸ ಸಿಕ್ಕಿ ಇನ್ನೂ ವರ್ಷವಾಗಿರಲಿಲ್ಲ. "ಅಪ್ಪಾ, ಐ ವಿಲ್ ಕ್ವಿಟ್ ಆಂಡ್ ಕಮ್ ಹೋಮ್. ಐ ಮೀನ್ ಇಟ್," ಎಂದು ಹಟ ಹಿಡಿದಳು. "ಏನೂ ಬೇಡ ಪುಟ್ಟಿ. ಅಪ್ಪನಿಗೆ ಒಂದು ಕಣ್ಣಲ್ಲೇ ಎಲ್ಲಾ ಕಾಣತ್ತೆ. ನಿನ್ನ ಮೂಗಿನ ಮೇಲಿನ ಮೊಡವೇನೂ ಕಾಣ್ತಿದೆ," ಎಂದು ವಿಡಿಯೋದಲ್ಲೇ ಅವಳನ್ನು ನಗಿಸಿದ. ಅವಳು ಕೆಲಸ ಬಿಡಲಿಲ್ಲ.

ಹಂದಿಯ ಮಾತು ಅವನು ಒಳಗೆ ತರಲೇ ಇಲ್ಲ. ಇಂದುಮತಿಯೇ ಒಮ್ಮೆ ಊಟದ ಹೊತ್ತಿಗೆ, "ಗ್ರೆಗ್ ಹೊಲದಲ್ಲಿ ಈಗ ಹೇಗಿದೆಯಂತೆ?" ಎಂದು ಕೇಳಿದಳು. "ಗೊತ್ತಿಲ್ಲ," ಎಂದು ಅವನು ಸಾರು ಬಡಿಸಿಕೊಂಡ. ಕೇಳುವ ಆಸೆ ಅವಳಿಗೆ ಹುಟ್ಟುವ ಹೊತ್ತಿಗೆ ಹೇಳುವ ಅಭ್ಯಾಸ ಅವನಿಗೆ ತಪ್ಪಿಹೋಗಿತ್ತು.

ಚಳಿಗಾಲ ಕಳೆಯುವ ಹೊತ್ತಿಗೆ ಅವಳು ಒಂದೆರಡು ಸಂಗತಿ ಗಮನಿಸಿದಳು. ಅವನು ಕಾಫಿ ಬಗ್ಗಿಸುವಾಗ ಲೋಟದ ಪಕ್ಕಕ್ಕೆ ಚೆಲ್ಲಿತು. "ಒಂದೇ ಕಣ್ಣಲ್ವಾ, ಅಂದಾಜು ಸಿಗಲ್ಲ," ಎಂದ. ಅದು ನಿಜವಿರಬಹುದು. ಫೋನಿನಲ್ಲಿ ಓದುವಾಗ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ ಹಿಡಿಯತೊಡಗಿದ. "ಕತ್ತು ಹಿಡಿದಿದೆ," ಎಂದ. ಅದೂ ನಿಜವಿರಬಹುದು. ಕಣ್ಣಿನ ಡಾಕ್ಟರ ಮುಂದಿನ ತಪಾಸಣೆಯನ್ನು ಕೆಲಸದ ನೆಪ ಹೇಳಿ ಮುಂದಕ್ಕೆ ಹಾಕಿಸಿಕೊಂಡ. ಫ್ರಿಜ್ಜಿನ ಎದುರು ಮಾತ್ರ ದಿನಾ ಅದೇ "ನೇರ". ಒಂದು ಬೆಳಿಗ್ಗೆ, ಕೈ ಕಣ್ಣನ್ನು ಮುಟ್ಟುವ ಮೊದಲೇ ಆ ಮಾತು ಬಂದಹಾಗೆ ಅವಳಿಗೆ ಅನ್ನಿಸಿತು.

ಗಂಡನ ಕಣ್ಣೊಳಗೆ ಹೊಕ್ಕು ನೋಡುವ ಹಾಗಿದ್ದರೆ ನೋಡುತ್ತಿದ್ದಳು. ಆ ಹಾಳೆಯನ್ನು ಅವಳು ಎಷ್ಟು ಸಲ ನೋಡಿದರೂ ಅದು ಅವಳಿಗೆ ನೇರವೇ. ಮೂವತ್ತು ವರ್ಷ ಡಾಕ್ಟರಿಕೆ ಮಾಡಿದವಳು ಒಂದು ಮಾತನ್ನು ನಂಬಿಕೊಂಡು ಒಲೆಯ ಮುಂದೆ ನಿಲ್ಲಬೇಕು. ಆ ಮಾತು ಹೇಳುವವನೋ, ಯಾರ ಮನಸ್ಸೂ ನೋಯಬಾರದೆಂದು ಬೆನ್ನುನೋವು ಹುಟ್ಟಿಸಿಕೊಳ್ಳಬಲ್ಲವನು.

ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ರೋಗಿಗಳಿಲ್ಲದ ಹೊತ್ತಿನಲ್ಲಿ ಅವಳು ಬಾಗಿಲು ಹಾಕಿಕೊಂಡು, ಬಿಳಿ ಹಾಳೆಯ ಮೇಲೆ ಸ್ಕೇಲು ಇಟ್ಟು ಅಡ್ಡ ಉದ್ದ ಗೆರೆ ಎಳೆದಳು. ನಡುವೆ ಚುಕ್ಕೆ ಇಟ್ಟಳು. ಚುಕ್ಕೆಯ ಪಕ್ಕದ ಒಂದೇ ಒಂದು ಗೆರೆಯನ್ನು, ಸ್ಕೇಲು ಬದಿಗಿಟ್ಟು, ಬೇಕೆಂದೇ ಸೊಟ್ಟಗೆ ಎಳೆದಳು. ಮಗುವಿಗೂ ಕಾಣುವಷ್ಟು ಸೊಟ್ಟ. ಮಾಡಬಾರದ್ದನ್ನು ಮಾಡುತ್ತಿದ್ದೇನೆ ಅನ್ನಿಸಿತು. ಅಯ್ಯೋ ಇದೇನೇ ಇದು ಎಂದು ಅವನು ರೇಗಿದರೆ ಕಾಲು ಹಿಡಿದುಕೊಂಡೇನು ಎಂದುಕೊಂಡಳು. ಅವನು ರೇಗಲಿ ಎಂದೇ ಬೇಡಿಕೊಂಡಳು.

ಮರುದಿನ ಬೆಳಿಗ್ಗೆ ಅವನು ಸ್ನಾನದಿಂದ ಬರುವ ಮೊದಲು ಹಳೆಯ ಹಾಳೆ ತೆಗೆದು ಇದನ್ನು ಹಚ್ಚಿದಳು. ಹಾಲು ಒಲೆಯ ಮೇಲಿಟ್ಟು, ಈ ಸಲ ಅವನ ಕಡೆಗೇ ತಿರುಗಿ ನಿಂತಳು. ನಟರಾಜ ಟವೆಲಿನಿಂದ ಕಿವಿ ಒರೆಸಿಕೊಳ್ಳುತ್ತ ಬಂದ. ಫ್ರಿಜ್ಜಿನೆದುರು ನಿಂತ. ಬಲಗಣ್ಣಿನ ಮೇಲೆ ಅಂಗೈ ಇಟ್ಟ.

"ನೇರ," ಎಂದ. "ಎಲ್ಲಾ ನೇರ. ಕಾಫಿ ಆಯ್ತಾ?"

"ಇನ್ನೊಂದ್ಸಲ ನೋಡಿ."

"ನೋಡಿದ್ನಲ್ಲ."

ಇಂದುಮತಿ ಅವನ ಪಕ್ಕಕ್ಕೆ ಬಂದು ಹಾಳೆಯ ಮೇಲೆ ಬೆರಳಿಟ್ಟಳು. "ಈ ಗೆರೆ, ರೀ. ಇದೊಂದು."

ಅವನು ಮುಖವನ್ನು ಹತ್ತಿರ ತಂದ. ಸ್ವಲ್ಪ ಬದಿಗೆ ತಿರುಗಿಸಿದ. ಒಲೆಯ ಮೇಲಿನ ಹಾಲು ಸಣ್ಣಗೆ ಸದ್ದು ಮಾಡತೊಡಗಿತು. ಆಮೇಲೆ ಅವನು ಅಂಗೈ ಇಳಿಸಿ ಅವಳ ಮುಖ ಇರುವ ಕಡೆಗೆ ತಿರುಗಿ ನಕ್ಕ.

"ನೇರವಾಗೇ ಇದೆ ಇಂದು," ಎಂದ. "ನೀನು ಸುಮ್ಸುಮ್ನೆ ಹೆದರ್ಕೋಬೇಡ."

ಅವಳು ಬೆರಳು ತೆಗೆಯಲಿಲ್ಲ. ಬೆರಳ ಕೆಳಗೆ, ಅವಳೇ ಎಳೆದ ಗೆರೆ ಚುಕ್ಕೆಯ ಪಕ್ಕದಲ್ಲಿ ಸೊಟ್ಟಗೆ ಹೋಗಿತ್ತು.